ಸ್ವಾಮಿ ಎಂದು ಕೂಗಿದರೆ ಯಾರು ತಿರುಗಿ ನೋಡಬೇಕು?



ಕಳೆದ ಭಾನುವಾರದ ಓದಿನಲ್ಲಿ ಮಿಲಿಂದ ಪ್ರಶ್ನೆಯ ಒಂದು ಭಾಗ ಬಂದಿತ್ತು. ಮಿಲಿಂದ ರಾಜ ಭಂತೇ ನಾಗಸೇನರನ್ನು ಕೇಳುತ್ತಾನೆ: ಹುಟ್ಟಿದವನು ಕೊನೆಯವರೆಗೂ ಅವನೇ ಆಗಿರುತ್ತಾನೋ, ಇಲ್ಲಾ ಬೇರೆಯವನಾಗುತ್ತಾನೋ? ಓದು ಮುಗಿದ ಮೇಲೆ ನಮ್ಮ ಜೊತೆ ಕೂತಿದ್ದ ಒಬ್ಬ ತಾಯಿ, "ಕೂಲಿನಾಲಿ ಮಾಡೋರಿಗೆ ಇದ್ಯಾಕೆ ಬೇಕು ಮೇಷ್ಟ್ರೇ?" ಅಂದರು. ನ್ಯಾಯವಾದ ಪ್ರಶ್ನೆ. ಒಬ್ಬ ಬಾಲನಟನ ಕಥೆ ಹಿಡಿದುಕೊಂಡು ಅದಕ್ಕೆ ಉತ್ತರ ಹುಡುಕೋಣ ಅನ್ನಿಸಿತು.

ನನ್ನ ವಯಸ್ಸಿನವರಿಗೆ 'ಮಾಲ್ಗುಡಿ ಡೇಸ್' ಎಂದರೆ ಸಾಕು, ಎಲ್. ವೈದ್ಯನಾಥನ್ ಅವರ ಆ ರಾಗ ಕಿವಿಯಲ್ಲಿ ತಾನಾಗಿಯೇ ಶುರುವಾಗುತ್ತದೆ. ಶಂಕರ್‌ನಾಗ್ ನಿರ್ದೇಶನದ ಆ ಧಾರಾವಾಹಿ ದೂರದರ್ಶನದಲ್ಲಿ ಬಂದಾಗ ನಾನಿನ್ನೂ ಪ್ರಾಥಮಿಕ ಶಾಲೆಯ ಮೊದಲ ತರಗತಿಗಳಲ್ಲಿದ್ದೆ. ಕಥೆ ಮೈಸೂರಿನಲ್ಲಿ ಬಾಳಿದ ಆರ್.ಕೆ. ನಾರಾಯಣರದು, ಚಿತ್ರೀಕರಣ ಬಹುಪಾಲು ಆಗುಂಬೆಯಲ್ಲಿ, ಮಾತು ಮಾತ್ರ ಹಿಂದಿ. ನಂಜನಗೂಡಿನ ನಮ್ಮ ಬೀದಿಯಲ್ಲಿ ಟಿ.ವಿ. ಇರಲಿಲ್ಲ. ಮೇಲಿನ ಬೀದಿಯ ಒಂದು ಮನೆಯ ಕಿಟಕಿಯ ಹೊರಗೆ ನಿಂತು ನೋಡುತ್ತಿದ್ದೆವು. ಅವರು ಒಳಗೆ ಕರೆಯುತ್ತಿರಲಿಲ್ಲ, ಓಡಿಸುತ್ತಲೂ ಇರಲಿಲ್ಲ. ಹಿಂದಿ ನಮಗೆ ಒಂದು ಅಕ್ಷರ ತಿಳಿಯದು. ತಿಳಿಯುತ್ತಿದ್ದುದು ಆ ಹುಡುಗನ ಮುಖ. ಲೆಕ್ಕ ಬಾರದೆ ಒದ್ದಾಡುವ, ಗಿರೀಶ ಕಾರ್ನಾಡರಂಥ ಅಪ್ಪನ ಕಣ್ಣಿಗೆ ಬೀಳದಂತೆ ನುಸುಳುವ, ಅಜ್ಜಿಯ ಹತ್ತಿರ ಬಡಾಯಿ ಕೊಚ್ಚುವ ಸ್ವಾಮಿ. ಆ ಶಾಲೆಯ ಹುಡುಗರ ಗುಂಪಿನಲ್ಲಿ ನಮ್ಮ ಕೇರಿಯವನೊಬ್ಬ ಇದ್ದಾನೆಯೇ ಎಂಬ ಯೋಚನೆ ಆಗ ಬರಲಿಲ್ಲ, ಎಂ.ಎ. ಓದುವಾಗ ಬಂತು. (ನಾರಾಯಣರ 'ಸ್ವಾಮಿ ಅಂಡ್ ಫ್ರೆಂಡ್ಸ್' ಕಾದಂಬರಿ ಪ್ರಕಟವಾದದ್ದು 1935ರಲ್ಲಿ. ಅದೇ ವರ್ಷ ಅಕ್ಟೋಬರ್ 13ರಂದು ಬಾಬಾಸಾಹೇಬರು ಯೇವಲಾದಲ್ಲಿ, ಹುಟ್ಟಿದ ಧರ್ಮದಲ್ಲೇ ಸಾಯುವುದಿಲ್ಲ ಎಂದು ಘೋಷಿಸಿದರು. ಒಂದೇ ದೇಶ, ಒಂದೇ ವರ್ಷ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುವುದು ನನ್ನ ಮೇಷ್ಟ್ರ ಚಾಳಿ.)

ಸ್ವಾಮಿಯಾಗಿದ್ದ ಹುಡುಗ ಮಾಸ್ಟರ್ ಮಂಜುನಾಥ್. 1976ರಲ್ಲಿ ಹುಟ್ಟಿದವರು, ಮೂರನೇ ವಯಸ್ಸಿಗೇ ಕ್ಯಾಮೆರಾ ಮುಂದೆ ಬಂದವರು. 1990ರ ಹಿಂದಿ 'ಅಗ್ನಿಪಥ್'ನಲ್ಲಿ ಅಮಿತಾಭ್ ಬಚ್ಚನ್ ಪಾತ್ರದ ಬಾಲ್ಯವೂ ಅವರದೇ. ಅದೇ ವರ್ಷ ಸೆಪ್ಟೆಂಬರ್ 30ರಂದು, ಅವರನ್ನು ಮನೆಮನೆಯ ಸ್ವಾಮಿ ಮಾಡಿದ ಶಂಕರ್‌ನಾಗ್ ದಾವಣಗೆರೆ ಹತ್ತಿರದ ಅಪಘಾತದಲ್ಲಿ ತೀರಿಕೊಂಡರು. ಹುಡುಗನಿಗೆ ಆಗ ಹದಿನಾಲ್ಕು ತುಂಬಿರಲಿಲ್ಲ. ಅರವತ್ತಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿ, ಹತ್ತೊಂಬತ್ತರ ಸುಮಾರಿಗೆ ನಟನೆ ಬಿಟ್ಟು ಓದಿಗೆ ತಿರುಗಿದರು. ಇಂಗ್ಲಿಷ್ ಸಾಹಿತ್ಯದಲ್ಲಿ ಎಂ.ಎ. ಮಾಡಿಕೊಂಡು, ಮುಂದೆ ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಹೋದರು. ಬೆಂಗಳೂರು-ಮೈಸೂರು ಕಾರಿಡಾರ್ ಯೋಜನೆಯಲ್ಲೂ ದುಡಿದರು. ಅಂದರೆ ಒಂದು ಇಡೀ ಬದುಕು: ಓದು, ಉದ್ಯೋಗ, ಸಂಸಾರ, ಐದು ದಶಕ.

ಆದರೆ ನಾವು ಇವತ್ತೂ ಅವರನ್ನು ಮಾಸ್ಟರ್ ಮಂಜುನಾಥ್ ಎನ್ನುತ್ತೇವೆ. ಆ ಮಾಸ್ಟರ್ ಎಂಬುದು ಚಿಕ್ಕ ಹುಡುಗರ ಹೆಸರಿಗೆ ಅಂಟಿಸುವ ಪದ. ತಲೆ ನರೆಯುವ ವಯಸ್ಸಾದರೂ ಬಿಟ್ಟುಹೋಗದ ಪದ. ಅವರ ಫೋಟೋ ಮೊಬೈಲಿಗೆ ಬಂದರೆ ನಾವು ಹಾಕುವ ಮಾತೂ ಒಂದೇ: "ಅಯ್ಯೋ, ಸ್ವಾಮಿ ಹೀಗಾಗಿಬಿಟ್ಟನಾ!" ಏನಾಗಿದ್ದಾರೆ ಅವರು? ವಯಸ್ಸಾಗಿದೆ, ಅಷ್ಟೆ. ನಮಗೂ ಆಗಿದೆ. ನಮ್ಮ ಕೂದಲು ಉದುರಿದ್ದನ್ನು ಕನ್ನಡಿಯಲ್ಲಿ ನೋಡಿಕೊಂಡು ಅನಿಚ್ಚ ಎಂದು ಸಮಾಧಾನ ಹೇಳಿಕೊಳ್ಳುವ ನಾವು, ಇನ್ನೊಬ್ಬರ ಅನಿಚ್ಚವನ್ನು ಕಂಡರೆ ಮೋಸಹೋದವರ ಹಾಗೆ ಬೇಜಾರು ಮಾಡಿಕೊಳ್ಳುತ್ತೇವೆ. ಅವರ ಮನಸ್ಸಿನೊಳಗೆ ಇಣುಕುವ ಅಧಿಕಾರ ನನಗಿಲ್ಲ. ನನ್ನ ಪ್ರಶ್ನೆ ಕರೆಯುವ ನಮ್ಮ ಬಗ್ಗೆ.

ಈಗ ನಾಗಸೇನರ ಹತ್ತಿರ ಹೋಗೋಣ. ರಾಜನ ಪ್ರಶ್ನೆಗೆ ಅವರು ಮರುಪ್ರಶ್ನೆ ಹಾಕುತ್ತಾರೆ: ಅಂಗಾತ ಮಲಗಿದ್ದ ಎಳೆಗೂಸು ನೀನೇ ಅಲ್ಲವೇ ಮಹಾರಾಜ? ರಾಜ ಜಾಣ, "ಅಲ್ಲ, ಅದು ಬೇರೆ, ಈಗ ದೊಡ್ಡವನಾಗಿರುವ ನಾನು ಬೇರೆ" ಅನ್ನುತ್ತಾನೆ. ಹಾಗಾದರೆ ನಿನಗೆ ತಾಯಿ ಇಲ್ಲ, ತಂದೆ ಇಲ್ಲ, ಗುರು ಇಲ್ಲ ಎಂದಾಯಿತು. ತಪ್ಪು ಮಾಡಿದವನು ಒಬ್ಬ, ಶಿಕ್ಷೆ ಅನುಭವಿಸುವವನು ಇನ್ನೊಬ್ಬ ಎಂದಾಯಿತು. ರಾಜ ಸಿಕ್ಕಿಬೀಳುತ್ತಾನೆ. ಆಗ ನಾಗಸೇನರು ದೀಪದ ಮಾತು ತೆಗೆಯುತ್ತಾರೆ. ಸಂಜೆ ಹಚ್ಚಿದ ದೀಪ ಬೆಳಗಿನವರೆಗೂ ಉರಿಯಿತು. ಮೊದಲ ಜಾವದ ಜ್ವಾಲೆಯೂ ಕೊನೆಯ ಜಾವದ ಜ್ವಾಲೆಯೂ ಒಂದೇ ಅಲ್ಲ. ಹಾಗಂತ ಬೇರೆ ಬೇರೆ ದೀಪಗಳೂ ಅಲ್ಲ, ಒಂದೇ ದೀಪವನ್ನು ಆಶ್ರಯಿಸಿ ಇರುಳಿಡೀ ಬೆಳಕಿತ್ತು. ಅವನೇ ಅಲ್ಲ, ಬೇರೆಯವನೂ ಅಲ್ಲ.

ಈ ಉತ್ತರದಲ್ಲಿ ಎರಡು ಕಾಲುಗಳಿವೆ. ನಾವು ಸಾಮಾನ್ಯವಾಗಿ ಒಂದರ ಮೇಲೇ ನಿಲ್ಲುತ್ತೇವೆ, ಅದೂ ನಮಗೆ ಅನುಕೂಲವಾದ ಕಾಲಿನ ಮೇಲೆ.

ಪುನೀತ್ ರಾಜ್‌ಕುಮಾರ್ ಅವರನ್ನು ನೆನೆಯದೆ ಮುಂದೆ ಹೋಗಲಾರೆ. ಅವರದು ಟಿ.ವಿ.ಯ ಬಾಲ್ಯವಲ್ಲ, ಸಿನಿಮಾದ್ದು. ಮಾಸ್ಟರ್ ಲೋಹಿತ್ ಎಂಬ ಹೆಸರಲ್ಲಿ ಬಂದು, 'ಬೆಟ್ಟದ ಹೂವು' ಚಿತ್ರಕ್ಕೆ ಶ್ರೇಷ್ಠ ಬಾಲನಟ ರಾಷ್ಟ್ರಪ್ರಶಸ್ತಿ ಪಡೆದವರು. ಪುಸ್ತಕ ಕೊಳ್ಳಲೆಂದು ಕಾಡಿನ ಹೂ ಮಾರಿ ಕಾಸು ಕೂಡಿಟ್ಟು, ಕೊನೆಗೆ ಮನೆಯವರ ಚಳಿ ನೋಡಲಾರದೆ ಕಂಬಳಿ ಕೊಳ್ಳುವ ಹುಡುಗನ ಕಥೆ ಅದು. ಈಗಲೂ ತರಗತಿಯಲ್ಲಿ ಹೇಳಿದರೆ ಹಿಂದಿನ ಬೆಂಚಿನವರೂ ಸುಮ್ಮನಾಗುತ್ತಾರೆ. ಅವರು ಹೆಸರು ಬದಲಾಯಿಸಿಕೊಂಡರು, 2002ರಲ್ಲಿ ನಾಯಕನಾಗಿ ಮರಳಿ ಬಂದರು, ಜನ ಹೊಸ ಹೆಸರನ್ನು ಒಪ್ಪಿಕೊಂಡರು, ಮನೆಯ 'ಅಪ್ಪು'ವನ್ನೂ ಉಳಿಸಿಕೊಂಡರು. ಪ್ರೀತಿಯಿದ್ದರೆ ಜನ ಎರಡನ್ನೂ ಹಿಡಿದುಕೊಳ್ಳಬಲ್ಲರು. ಆದರೆ ರಾಜ್‌ಕುಮಾರ್ ಮಗನಿಗೆ ಸಿಕ್ಕಿದ್ದು ಎಲ್ಲರ ಮಕ್ಕಳಿಗೂ ಸಿಗುವುದಿಲ್ಲ.

ನಮ್ಮ ಬೀದಿಗೆ ಬರುತ್ತೇನೆ. 2020ರಲ್ಲಿ, ಕೊರೊನಾ ಕಾಲದಲ್ಲಿ, ಜೀ ಕನ್ನಡದಲ್ಲಿ 'ಮಹಾನಾಯಕ' ಶುರುವಾಯಿತಲ್ಲ, ನೆನಪಿದೆಯೇ? ಹಿಂದಿಯಿಂದ ಡಬ್ ಆಗಿ ಬಂದದ್ದು. ಬಾಲಕ ಭೀಮರಾಯನ ಪಾತ್ರದಲ್ಲಿ ಆಯುಧ್ ಭಾನುಶಾಲಿ ಎಂಬ ಹುಡುಗ. ಮನೆಯಿಂದ ಗೋಣಿತಟ್ಟು ಹೊತ್ತು ತಂದು ತರಗತಿಯಲ್ಲಿ ಬೇರೆಯೇ ಕೂರುವ, ನೀರಿಗಾಗಿ ಇನ್ನೊಬ್ಬರ ಕೈ ಕಾಯುವ ಆ ಮಗುವನ್ನು ನೋಡಿ ಅತ್ತ ಅಜ್ಜಿಯಂದಿರನ್ನು ನಾನು ಕಂಡಿದ್ದೇನೆ. ಅವರು ಅಳುತ್ತಿದ್ದುದು ತಮ್ಮದೇ ಬಾಲ್ಯಕ್ಕೆ. ಪ್ರಸಾರ ನಿಲ್ಲಿಸಿ ಎಂದು ವಾಹಿನಿಗೆ ಬೆದರಿಕೆ ಬಂದಾಗ ನಾಡಿನ ಎಷ್ಟೋ ಊರುಗಳಲ್ಲಿ ಧಾರಾವಾಹಿಗೆ ಬೆಂಬಲವಾಗಿ ಫ್ಲೆಕ್ಸ್‌ಗಳು ಎದ್ದವು. ನಂಜನಗೂಡಿನಿಂದ ತಿ. ನರಸೀಪುರದವರೆಗೆ ಬಸ್ಸಿನಲ್ಲಿ ಹೋದರೆ ದಾರಿಯುದ್ದಕ್ಕೂ ಆ ಹುಡುಗನ ಮುಖ. ಕಿಟಕಿಯ ಹೊರಗೆ ನಿಂತು ಸ್ವಾಮಿಯನ್ನು ನೋಡಿದ್ದ ನನಗೆ ಅದು ಸಣ್ಣ ಸಂಗತಿಯಲ್ಲ. ಕೊನೆಗೂ ಟಿ.ವಿ.ಯೊಳಗೆ ನಮ್ಮ ಮಗು.

ಹುಡುಗ ಬೆಳೆದ. ಕಥೆಯೂ ಬೆಳೆದು ಯುವಕ ಭೀಮರಾವ್ ಪಾತ್ರಕ್ಕೆ ಬೇರೆ ನಟರು ಬಂದರು. ಫ್ಲೆಕ್ಸ್ ಮಾತ್ರ ಬಿಸಿಲಲ್ಲಿ ಬಿಳಿಚಿಕೊಳ್ಳುತ್ತಾ ಅಲ್ಲೇ ಇತ್ತು.

ಆ ಧಾರಾವಾಹಿಯ ಹುರುಪಿನಲ್ಲಿ, ಮುಂದಿನ ವರ್ಷಗಳ ಒಂದು ಜಯಂತಿಗೆ ನಮ್ಮ ಕಡೆಯ ಊರೊಂದರಲ್ಲಿ ಮಕ್ಕಳಿಂದ ನಾಟಕ ಆಡಿಸಿದರು. ಭೀಮರಾಯನಾದವನು ಆಗ ನಾಲ್ಕನೇ ತರಗತಿಯ ಹುಡುಗ. ಎಷ್ಟು ಚೆನ್ನಾಗಿ ಮಾಡಿದ ಎಂದರೆ ವಿಡಿಯೋ ತಾಲೂಕೆಲ್ಲ ಓಡಾಡಿತು, ಮೂರು ಊರಿನವರು ಕರೆಸಿ ಸನ್ಮಾನ ಮಾಡಿದರು. ಅವತ್ತಿನಿಂದ ಅವನ ಹೆಸರು ಹೋಯಿತು. ಅಂಗಡಿಯವರಿಗೂ ಭೀಮರಾವ್, ಬಸ್ ಕಂಡಕ್ಟರಿಗೂ ಭೀಮರಾವ್. ಮೊದಮೊದಲು ಮುದ್ದಾಗಿಯೇ ಇತ್ತು. ಹೈಸ್ಕೂಲಿಗೆ ಬಂದ ಮೇಲೆ ಗಣಿತದಲ್ಲಿ ಹಿಂದೆ ಬಿದ್ದ. "ಏನ್ಲಾ ಭೀಮರಾವ್, ಲೆಕ್ಕದಲ್ಲಿ ಹನ್ನೆರಡಾ? ಬಾಬಾಸಾಹೇಬ್ರ ಹೆಸರು ತೆಗೀತೀಯಲ್ಲೋ!" ಹೀಗೆ ಅಂದವರು ಯಾರೂ ಕೆಟ್ಟವರಲ್ಲ. ಪ್ರತಿ ಬುದ್ಧಪೂರ್ಣಿಮೆಗೆ ಬಿಳಿ ಬಟ್ಟೆ ಉಟ್ಟು ಬರುವ ನಮ್ಮವರೇ. ಹುಡುಗ ಈಗ ಜಯಂತಿ ದಿನ ಮನೆಯಿಂದ ಹೊರಗೆ ಬರುವುದಿಲ್ಲ. ಲೆಕ್ಕ ಬಾರದಿರುವುದು ಸ್ವಾಮಿಗೆ ಸಲ್ಲುತ್ತಿತ್ತು, ಅದನ್ನು ನೋಡಿ ನಾಡೇ ನಕ್ಕಿತು. ನಮ್ಮ ಹುಡುಗನಿಗೆ ಅದೂ ಸಲ್ಲಲಿಲ್ಲ.

ಇದನ್ನು ಪ್ರೋತ್ಸಾಹ ಎನ್ನುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಹತ್ತು ವರ್ಷದ ಮಗುವಿಗೆ ಹಾಕಿದ ಕೋಟನ್ನು ಹದಿನಾಲ್ಕು ವರ್ಷದವನ ಮೈಮೇಲೆ ಬಲವಂತವಾಗಿ ಎಳೆದರೆ ಹರಿಯುವುದು ಕೋಟೊಂದೇ ಅಲ್ಲ. ರಾಜಕೀಯದಲ್ಲಿ ಭಕ್ತಿ ನಮ್ಮನ್ನು ಎಲ್ಲಿಗೆ ಒಯ್ಯುತ್ತದೆ ಎಂದು ಬಾಬಾಸಾಹೇಬರು 1949ರ ನವೆಂಬರ್ 25ರಂದು ಸಂವಿಧಾನ ಸಭೆಯಲ್ಲೇ ಎಚ್ಚರಿಸಿದ್ದರು. ಅಂಥವರ ಹೆಸರಿನಲ್ಲಿ ಒಂದು ಮಗುವನ್ನು ವಿಗ್ರಹ ಮಾಡಿ ಕೂರಿಸಿ, ಆಮೇಲೆ ಆ ವಿಗ್ರಹಕ್ಕೆ ಮೀಸೆ ಮೂಡಿತು ಎಂದು ಸಿಟ್ಟಾಗುವುದು ಎಂಥ ಧಮ್ಮ?

ಇದು ದೀಪದ ಮಾತಿನ ಮೊದಲ ಕಾಲು: ಅವನೇ ಅಲ್ಲ. ಎರಡನೆಯದು ಹೆಚ್ಚು ಗಟ್ಟಿ: ಬೇರೆಯವನೂ ಅಲ್ಲ. ಇದು ನನಗೆ ಸರಿಯಾಗಿ ಅರ್ಥವಾದದ್ದು, ಆಶ್ಚರ್ಯವೆಂದರೆ, ಒಂದು ಸರ್ಕಾರಿ ನಿಯಮ ಓದುವಾಗ.

1986ರ ಬಾಲಕಾರ್ಮಿಕ ಕಾಯ್ದೆಗೆ 2016ರಲ್ಲಿ ತಿದ್ದುಪಡಿ ಬಂತು. ಹದಿನಾಲ್ಕರ ಒಳಗಿನ ಮಕ್ಕಳನ್ನು ಯಾವ ಕೆಲಸಕ್ಕೂ ಹಚ್ಚಬಾರದು. ಆದರೆ ಮುಖ್ಯವಾಗಿ ಎರಡು ವಿನಾಯಿತಿ. ಒಂದು, ಸಿನಿಮಾ, ಧಾರಾವಾಹಿ, ಜಾಹೀರಾತಿನಂಥ ಕಡೆ ಕಲಾವಿದರಾಗಿ ದುಡಿಯುವ ಮಕ್ಕಳು. ಇನ್ನೊಂದು, ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಮನೆಯ ಕಸುಬಿಗೆ ಕೈಜೋಡಿಸುವ ಮಕ್ಕಳು. 2017ರ ನಿಯಮಗಳು ನಟಿಸುವ ಮಗುವಿಗೆ ಕಾವಲು ಹಾಕಿವೆ: ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸವಿಲ್ಲ, ವಿರಾಮವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಮಗು ದುಡಿದದ್ದರಲ್ಲಿ ಕನಿಷ್ಠ ಶೇ. 20ರಷ್ಟನ್ನು ರಾಷ್ಟ್ರೀಕೃತ ಬ್ಯಾಂಕಿನಲ್ಲಿ ಮಗುವಿನ ಹೆಸರಲ್ಲೇ ಠೇವಣಿ ಇಡಬೇಕು. ದೊಡ್ಡವನಾದ ಮೇಲೆ ಅದು ಅವನ ಕೈಗೆ ಬರಬೇಕು.

ಈ ಠೇವಣಿಯ ಹಿಂದೆ ನಾಗಸೇನರ ತರ್ಕವೇ ಇದೆ. ಒಂಬತ್ತು ವರ್ಷದಲ್ಲಿ ಬಣ್ಣ ಹಚ್ಚಿಕೊಂಡವನೇ ಬೇರೆ, ಹದಿನೆಂಟರಲ್ಲಿ ಬ್ಯಾಂಕಿನ ಸಾಲಿನಲ್ಲಿ ನಿಂತವನೇ ಬೇರೆ ಎಂದು ಯಾವ ನಿರ್ಮಾಪಕನೂ ಹೇಳಿ ಜಾರಿಕೊಳ್ಳುವಂತಿಲ್ಲ. ಮಿಲಿಂದ ಪ್ರಶ್ನೆಯಲ್ಲಿ ಒಬ್ಬ ಮಾವಿನಹಣ್ಣಿನ ಕಳ್ಳ ಬರುತ್ತಾನಲ್ಲ, ಹಾಗೆ. ನೆಟ್ಟ ಮಾವಿನ ಓಟೆ ಬೇರೆ, ನಾನು ಕಿತ್ತ ಹಣ್ಣು ಬೇರೆ ಎಂದು ವಾದಿಸಿದವನನ್ನು ರಾಜ ಬಿಡುತ್ತಾನೆಯೇ?

ಹಾಗಾದರೆ ಮನೆಯ ಕಸುಬಿನ ಮಗುವಿನ ಠೇವಣಿ ಎಲ್ಲಿ? ನಾನು ಪಾಠ ಮಾಡುವುದು ರೇಷ್ಮೆ ಸೀಮೆಯಲ್ಲಿ. ಹುಳ ಹಣ್ಣಾಗಿ ಚಂದ್ರಿಕೆಗೆ ಬಿಡುವ ದಿನ, ಗೂಡು ಬಿಡಿಸುವ ದಿನ ಯಾವುದು ಎಂದು ನನಗೆ ಯಾರೂ ಹೇಳಬೇಕಾಗಿಲ್ಲ, ಹಾಜರಿ ಪುಸ್ತಕವೇ ಹೇಳುತ್ತದೆ. ಕಬ್ಬಿನ ಕಟಾವೂ ಹಾಗೆಯೇ. ಇದು ಕಷ್ಟದ ಮನೆಗಳಲ್ಲಿ ತಪ್ಪಿದ್ದಲ್ಲ, ಆ ತಂದೆತಾಯಿಯರನ್ನು ದೂರಲಾರೆ. ಆದರೆ 'ಮನೆಯ ಕಸುಬು' ಎಂಬ ಆ ಸೌಮ್ಯ ಮಾತು ನಮ್ಮಂಥವರ ಕಿವಿಗೆ ಬೇರೆಯೇ ಕೇಳುತ್ತದೆ. ಜಾತಿ ವ್ಯವಸ್ಥೆ ಕೆಲಸವನ್ನಲ್ಲ, ಕೆಲಸಗಾರರನ್ನೇ ಹಂಚಿಬಿಟ್ಟಿತು ಎಂದು ತೋರಿಸಿಕೊಟ್ಟವರು ಬಾಬಾಸಾಹೇಬರು. ಪಾತ್ರ ಹುಟ್ಟುವ ಮೊದಲೇ ಗೊತ್ತಾಗಿರುತ್ತಿತ್ತು. ತಮಟೆ ಬಡಿಯುವವನ ಮಗ ತಮಟೆ ಬಡಿಯಬೇಕು, ಚರ್ಮದ ಕೆಲಸದವನ ಮಗ ಚರ್ಮ ಹದ ಮಾಡಬೇಕು. ನಮ್ಮ ಅಜ್ಜ ಮುತ್ತಜ್ಜರೆಲ್ಲ ಒಂದು ಲೆಕ್ಕದಲ್ಲಿ ಬಾಲನಟರೇ. ಬಣ್ಣ ಹಚ್ಚಿದವರು ಊರಿನವರು, ಸಂಭಾಷಣೆ ಬರೆದವರೂ ಅವರೇ, ಇಳಿಯಲು ಮೆಟ್ಟಿಲಿಲ್ಲದ ರಂಗ.

ಮಂಜುನಾಥ್ ಅವರು ಹತ್ತೊಂಬತ್ತಕ್ಕೆ ಇಳಿದು ನಡೆದರು. ನಮ್ಮವರು ಇಳಿದದ್ದು 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ.

ಇಳಿದ ಮೇಲೂ ಹಳೆಯ ಹೆಸರಿನಿಂದ ಕೂಗುವವರು ಕೂಗುತ್ತಲೇ ಇದ್ದಾರೆ. ಬುದ್ಧರ ಕಾಲದಲ್ಲೂ ಕೂಗಿದ್ದರು. ಕ್ಷೌರಿಕ ಉಪಾಲಿ ಶಾಕ್ಯ ಕುಮಾರರ ಜೊತೆ ಸಂಘ ಸೇರಲು ಬಂದಾಗ, ಆ ಕುಮಾರರೇ ಅವನಿಗೆ ಮೊದಲು ದೀಕ್ಷೆ ಕೊಡಿರೆಂದು ಕೇಳಿಕೊಂಡರು. ಸಂಘದಲ್ಲಿ ಹಿರಿತನ ಲೆಕ್ಕವಾಗುವುದು ದೀಕ್ಷೆಯ ಗಳಿಗೆಯಿಂದ, ಹುಟ್ಟಿನಿಂದಲ್ಲ. ಹಾಗಾಗಿ ನಿನ್ನೆವರೆಗೆ ತಮ್ಮ ಗಡ್ಡ ಹೆರೆಯುತ್ತಿದ್ದವನಿಗೆ ರಾಜಕುಮಾರರು ತಲೆಬಾಗಿದರು. ಕೂಗುವ ಬಾಯಿಗೆ ಬುದ್ಧರು ಉಪದೇಶ ಮಾಡುತ್ತ ಕೂರಲಿಲ್ಲ, ನಿಯಮವನ್ನೇ ಹಾಗೆ ಕಟ್ಟಿದರು.

ಅಂಗುಲಿಮಾಲರ ಪ್ರಸಂಗ ಇದಕ್ಕಿಂತ ಕಠಿಣ. ಅಲ್ಲಿ ಹಳೆಯ ಹೆಸರಿನ ಹಿಂದೆ ನಿಜವಾದ ರಕ್ತವಿದೆ. ಭಿಕ್ಷುವಾದ ಮೇಲೂ ಜನ ಕಲ್ಲು ಹೊಡೆದರು, ಬುದ್ಧರು ಸಹಿಸಿಕೋ ಎಂದರು. ಬೇರೆಯವನಲ್ಲ ಎಂಬ ಕಾಲು ಅದು. ಆದರೆ ಅವರನ್ನು ಹಿಡಿಯಲು ಸವಾರರೊಂದಿಗೆ ಬಂದ ಪಸೇನದಿ ರಾಜ, ಬುದ್ಧರ ಪಕ್ಕದಲ್ಲಿ ಕೂತಿದ್ದ ಭಿಕ್ಷುವೇ ಅವನೆಂದು ತಿಳಿದು ಮೊದಲು ನಡುಗಿ, ಆಮೇಲೆ ಏನು ಕೇಳಿದ ಗೊತ್ತೇ? ತಂದೆಯ ಮನೆತನ ಯಾವುದು, ತಾಯಿಯ ಮನೆತನ ಯಾವುದು ಎಂದು. ಗಗ್ಗ, ಮಂತಾನಿ ಎಂಬ ಉತ್ತರ ಬಂತು. ರಾಜ ಗಗ್ಗ ಮಂತಾನಿಪುತ್ರ ಎಂದು ಕರೆದು ಚೀವರದ ದಾನಕ್ಕೆ ಮುಂದಾದ. ದಂಡಿಸುವ ಪೂರ್ಣ ಅಧಿಕಾರವಿದ್ದವನು ಹೆಸರು ಕೇಳಿ ತಿಳಿದುಕೊಂಡ. ಯಾವ ತಪ್ಪನ್ನೂ ಮಾಡದ ನಮ್ಮ ಜನರನ್ನು ಇವತ್ತೂ ಕೆಲವು ಊರುಗಳಲ್ಲಿ ಹೆಸರು ಕೇಳದೆಯೇ ಕರೆಯುತ್ತಾರೆ.

ನಮ್ಮ ಕಪಿಲೆಯನ್ನೇ ನೋಡಿ. ನಂಜನಗೂಡಿನಲ್ಲಿ ಅವಳು ಕಪಿಲೆ, ಸ್ನಾನಘಟ್ಟದಲ್ಲಿ ಕಪಿಲೆ. ತಿರುಮಕೂಡಲಿನಲ್ಲಿ ಕಾವೇರಿಗೆ ಸೇರಿದ ಮೇಲೆ ತಲಕಾಡಿನವರು ಯಾರೂ ಕಪಿಲೆಯ ನೀರು ಎನ್ನುವುದಿಲ್ಲ. ಗಂಗೆ, ಯಮುನೆ, ಸರಭೂ ಮುಂತಾದ ಮಹಾನದಿಗಳು ಸಮುದ್ರ ಸೇರಿ ಹಳೆಯ ಹೆಸರು ಬಿಡುವಂತೆ ನಾಲ್ಕೂ ವರ್ಣದವರು ಸಂಘಕ್ಕೆ ಬಂದು ಹೆಸರು, ಗೋತ್ರ ಬಿಡುತ್ತಾರೆ ಎಂದು ಬುದ್ಧರು ಹೇಳಿದ್ದುಂಟು. (ಆ ಸರಭೂ ಎಂದರೆ ಸರಯೂ. ನಾರಾಯಣರು ಮಾಲ್ಗುಡಿಯ ಹೊಳೆಗೂ ಸರಯೂ ಎಂದೇ ಹೆಸರಿಟ್ಟಿದ್ದರು!) ಆದರೆ ಎಚ್.ಡಿ. ಕೋಟೆ ಕಡೆ ಕಬಿನಿ ಅಣೆಕಟ್ಟಿಗೆ ಭೂಮಿ ಕೊಟ್ಟವರು ಪರಿಹಾರಕ್ಕೆ ಅರ್ಜಿ ಬರೆದರೆ ಆ ಹಳೆಯ ಹೆಸರನ್ನೇ ಬರೆಯಬೇಕು. ಹೊಳೆ ಹೆಸರು ಬಿಟ್ಟರೂ ಹೊಳೆಯ ಲೆಕ್ಕ ತೀರುವುದಿಲ್ಲ.

ಜೂನ್ ತಿಂಗಳ ದಾಖಲಾತಿಯಲ್ಲಿ ನಾನು ಪ್ರತಿವರ್ಷ ಎದುರಿಸುವ ಮಾತು ಇದೇ. ದೀಕ್ಷೆ ಪಡೆದ ಮನೆಯ ತಂದೆಯೊಬ್ಬರು ಅರ್ಜಿ ಹಿಡಿದು, "ಧರ್ಮ ಬೌದ್ಧ ಅಂತ ಬರ್ಸಿ, ಜಾತಿ ಕಾಲಂನಾಗೆ ಹಳೇದನ್ನ ಬರೀಬೇಕಾ ಮೇಷ್ಟ್ರೇ? ಬಿಟ್ಟ ಮೇಲೆ ಮತ್ಯಾಕೆ ಅದರ ಸಾವಾಸ?" ಎನ್ನುತ್ತಾರೆ. ಪಕ್ಕದಲ್ಲಿ ಅವರ ಹೆಂಡತಿ, ಬರೆಯದಿದ್ದರೆ ಮಗಳ ವಿದ್ಯಾರ್ಥಿವೇತನ ಹೋಗುತ್ತದೆ ಎಂಬ ಭಯದಲ್ಲಿ. ಇನ್ನೊಂದು ಕಡೆ, ಬೌದ್ಧರಾದ ಮೇಲೆ ಮೀಸಲಾತಿ ಯಾಕೆ ಎಂದು ಮೂಗು ಮುರಿಯುವವರೂ ಇದ್ದಾರೆ. ಊರ ಬಾವಿಯ ಹತ್ತಿರ ಅವರು 'ನೀನು ಹಳಬನೇ' ಎನ್ನುತ್ತಾರೆ, ಸೀಟು ಕೊಡುವ ಹೊತ್ತಿಗೆ 'ನೀನೀಗ ಬೇರೆಯವನು' ಎನ್ನುತ್ತಾರೆ. ಎರಡು ಕಾಲುಗಳನ್ನು ಅದಲು ಬದಲು ಮಾಡಿಕೊಂಡು ಕುಣಿಯುವುದು ಅಂದರೆ ಇದು.

ಆ ತಂದೆಗೆ ನಾನು ಹೇಳುವುದು ಇಷ್ಟು. ಧರ್ಮದ ಕಾಲಂನಲ್ಲಿ ಬೌದ್ಧ ಎಂದೇ ಬರೆಯಿರಿ, ಅದು ನೀವು ಈಗ ಏನಾಗಿದ್ದೀರಿ ಎಂಬುದು. ಜಾತಿಯ ಕಾಲಂನಲ್ಲಿರುವುದು ನಿಮ್ಮ ಹೆಸರಲ್ಲ, ನಿಮ್ಮ ಅಜ್ಜನಿಂದ ದುಡಿಸಿಕೊಂಡು ಕೊಡದೇ ಉಳಿಸಿಕೊಂಡ ಸಂಬಳದ ಖಾತೆ ನಂಬರು. 1990ರ ತಿದ್ದುಪಡಿಯಿಂದ ಬೌದ್ಧರಾದ ಪರಿಶಿಷ್ಟರಿಗೂ ಆ ಹಕ್ಕು ಉಳಿದಿದೆ. ಸಾಲ ಕೊಡಬೇಕಾದವರು ಆ ನಂಬರು ಕೇಳಬಹುದು. ಕೊಡುವುದು ಏನೂ ಇಲ್ಲದವರಿಗೆ ಅದರಿಂದ ನಿಮ್ಮನ್ನು ಕರೆಯುವ ಅಧಿಕಾರ ಇಲ್ಲ.

ಕಳೆದ ವರ್ಷ ಹೀಗೆ ಹೇಳುತ್ತಿದ್ದಾಗ ಅವರ ಮಗಳು, ಆರನೇ ತರಗತಿಗೆ ಸೇರಲು ಬಂದವಳು, ಅರ್ಜಿಯನ್ನು ತನ್ನ ಕಡೆ ಎಳೆದುಕೊಂಡು, "ಸಾ, ಹೆಸರು ನಾನೇ ಬರೀತೀನಿ" ಅಂದಳು. ಪೆನ್ನು ಕೊಟ್ಟೆ. ದುಂಡಗಿನ ಅಕ್ಷರದಲ್ಲಿ, ಕಾಲಂ ಮೀರಿ ಹೋಗುವಷ್ಟು ದೊಡ್ಡದಾಗಿ ಬರೆದಳು.

ಜೈ ಭೀಮ್. ನಮೋ ಬುದ್ಧಾಯ.